ಎಲ್ಲರ ಗ್ರಾಫೂ ಇಳಿಯುತ್ತಿದೆ, ನಂಬುವುದು ಯಾರನ್ನು?

ಪ್ರಶ್ನೆ: ನಾನು ಅಮೆರಿಕದ ಓಹಾಯೋ ರಾಜ್ಯದಲ್ಲಿ, ಕೊಲಂಬಸ್ ಹತ್ತಿರ ಹನ್ನೊಂದು ವರ್ಷದಿಂದ ಇದ್ದೇನೆ. ನಮ್ಮ ಲೈಬ್ರರಿಯ ಬಾಗಿಲ ಪಕ್ಕ, ಡ್ರಗ್ಸ್ ಓವರ್‌ಡೋಸ್ ಆದವರ ಉಸಿರು ಮರಳಿಸುವ ನಲಾಕ್ಸೋನ್ ಸ್ಪ್ರೇ ಇಟ್ಟ ಪೆಟ್ಟಿಗೆ ಬಂದಿದೆ. ಒಪಿಯಾಯ್ಡ್ ಮಾತ್ರೆ ಮಾರಿದ ಕಂಪನಿಗಳಿಂದ ಬಂದ ಪರಿಹಾರದ ಹಣವನ್ನು ಹೇಗೆ ಖರ್ಚು ಮಾಡಬೇಕು ಅನ್ನುವ ಸಭೆಗೆ ಮೊನ್ನೆ ಹೋಗಿದ್ದೆ. ಮಾತಾಡಿದ ಪ್ರತಿಯೊಬ್ಬರೂ ತಮ್ಮ ಕಾರ್ಯಕ್ರಮದಿಂದಲೇ ಸಾವು ಕಡಿಮೆಯಾಗಿದೆ ಅಂತ ಗ್ರಾಫ್ ತೋರಿಸಿದರು. ಎಲ್ಲರ ಗ್ರಾಫೂ ಇಳಿಯುತ್ತಿತ್ತು. ಯಾರನ್ನು ನಂಬುವುದು? ನನ್ನಂಥ ಸಾಮಾನ್ಯರು ಇದನ್ನು ಅಳೆಯುವುದು ಹೇಗೆ? ಇನ್ನೊಂದು ಮಾತು. ದಾವಣಗೆರೆಯಲ್ಲಿ ನಮ್ಮ ಅತ್ತೆಗೆ ಕ್ಯಾನ್ಸರ್ ನೋವಿಗೆ ಅಂತ ಮಾರ್ಫಿನ್ ಮಾತ್ರೆ ಬರೆದುಕೊಟ್ಟಿದ್ದಾರೆ. ಇಲ್ಲಿಯದನ್ನೆಲ್ಲ ನೋಡಿ ನಮಗೆ ಭಯ. ಬೇಡ ಅನ್ನಬೇಕಾ ಡಾಕ್ಟರೇ?

ಉತ್ತರ: ಮೊದಲು ನಿಮ್ಮ ಅತ್ತೆಯವರ ವಿಚಾರ ಹೇಳಿಬಿಡುತ್ತೇನೆ. ನೋವು ನಾಳೆಗೆ ಕಾಯುವುದಿಲ್ಲ. ಮಾರ್ಫಿನ್ ಬೇಡ ಅನ್ನಬೇಡಿ. ಡಾಕ್ಟರು ಹೇಳಿದಷ್ಟು, ಹೇಳಿದ ಹೊತ್ತಿಗೆ ಕೊಡಿ. ಯಾಕೆ ಅನ್ನುವುದನ್ನು ಕೊನೆಯಲ್ಲಿ ಹೇಳುತ್ತೇನೆ. ಅದಕ್ಕೂ ನಿಮ್ಮ ಮೊದಲ ಪ್ರಶ್ನೆಗೂ ನಂಟಿದೆ.

ಈಗ ಆ ಗ್ರಾಫ್‌ಗಳು. ಎಲ್ಲರದ್ದೂ ಇಳಿಯುತ್ತಿತ್ತು ಅಂದಿರಿ. ಇಳಿಯಲೇಬೇಕು. 2022ರಲ್ಲಿ ಅಮೆರಿಕದಲ್ಲಿ ಮಾದಕ ವಸ್ತುಗಳ ಓವರ್‌ಡೋಸ್‌ನಿಂದ 1,07,941 ಜನ ಸತ್ತರು. ಅದರಲ್ಲಿ ಸುಮಾರು 82 ಸಾವಿರ ಸಾವುಗಳಲ್ಲಿ ಒಪಿಯಾಯ್ಡ್ ಇತ್ತು, ಅಂದರೆ ಅಫೀಮಿನ ಜಾತಿಯ ವಸ್ತುಗಳು. 2023ರಲ್ಲಿ ಒಟ್ಟು ಸಾವು 1,05,007. 2024ರಲ್ಲಿ ಅದು ಸುಮಾರು 80 ಸಾವಿರಕ್ಕೆ ಬಂತು. ಒಂದೇ ವರ್ಷದಲ್ಲಿ ಕಾಲು ಭಾಗ ಕಡಿಮೆ. ಆ ವರ್ಷ ಯಾರು ಏನೇ ಮಾಡುತ್ತಿದ್ದರೂ ಹೆಚ್ಚುಕಡಿಮೆ ಎಲ್ಲ ಕಡೆ ಗ್ರಾಫ್ ಇಳಿಯುತ್ತಿತ್ತು.

ಒಳ್ಳೆ ಮಳೆಯಾದ ವರ್ಷ ಊರಿನ ಎಲ್ಲ ಬಾವಿಗಳಲ್ಲೂ ನೀರು ಏರುತ್ತದೆ. ಇಂಗುಗುಂಡಿ ತೋಡಿಸಿದವರ ಬಾವಿಯಲ್ಲೂ ಏರುತ್ತದೆ, ತೋಡಿಸದವರ ಬಾವಿಯಲ್ಲೂ ಏರುತ್ತದೆ. ಇಂಗುಗುಂಡಿಯಿಂದ ಎಷ್ಟು ಬಂತು ಅಂತ ತಿಳಿಯಬೇಕಾದರೆ ಎರಡೂ ಬಾವಿಗೆ ಹಗ್ಗ ಇಳಿಸಿ ನೋಡಬೇಕು. ನಮ್ಮ ಕೆಲಸವೂ ಇಷ್ಟೇ. ಈ ಕಾರ್ಯಕ್ರಮ ಇಲ್ಲದಿದ್ದರೆ ಇಲ್ಲಿ ಎಷ್ಟು ಜನ ಸಾಯುತ್ತಿದ್ದರು? ಅದನ್ನು ಕಣ್ಣಾರೆ ನೋಡಲು ಆಗುವುದಿಲ್ಲ. ಹಾಗಾಗಿ ಇದೇ ಥರದ, ಆದರೆ ಕಾರ್ಯಕ್ರಮ ಇಲ್ಲದ ಇನ್ನೊಂದು ಊರನ್ನು ಪಕ್ಕದಲ್ಲಿ ಇಟ್ಟು ನೋಡಬೇಕು. ಸಭೆಯಲ್ಲಿ ಗ್ರಾಫ್ ತೋರಿಸಿದವರ ಹತ್ತಿರ ಪಕ್ಕದ ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥದ್ದರ, ಗೆರೆ ಇತ್ತಾ? ಇರಲಿಲ್ಲ ಅಂದರೆ ಆ ಗ್ರಾಫ್ ಸುಳ್ಳು ಅಂತಲ್ಲ. ಅದು ಅರ್ಧ ಮಾತ್ರ.

ಈ ಹೋಲಿಕೆ ಯಾಕೆ ಇಷ್ಟು ಮುಖ್ಯ ಅನ್ನುವುದಕ್ಕೆ ಒಂದು ಹಳೆಯ ಕಥೆ ಹೇಳಬೇಕು.

1980ರಲ್ಲಿ ಒಂದು ಪ್ರಸಿದ್ಧ ವೈದ್ಯಕೀಯ ಪತ್ರಿಕೆಯಲ್ಲಿ ಐದು ವಾಕ್ಯಗಳ ಒಂದು ಪತ್ರ ಬಂತು. ಆಸ್ಪತ್ರೆಯಲ್ಲಿ ಅಫೀಮು ಜಾತಿಯ ನೋವಿನ ಔಷಧ ಪಡೆದ 11,882 ರೋಗಿಗಳಲ್ಲಿ, ಹಿಂದೆ ಚಟ ಇಲ್ಲದವರ ಪೈಕಿ, ನಾಲ್ವರಿಗೆ ಮಾತ್ರ ಚಟ ಅಂಟಿದ್ದು ದಾಖಲಾಗಿದೆ ಅಂತ ಅದರಲ್ಲಿತ್ತು. ಆಸ್ಪತ್ರೆಯ ಹಾಸಿಗೆಯ ಮೇಲೆ, ನರ್ಸ್ ಕೈಯಿಂದ ಔಷಧ ಪಡೆದವರ ಲೆಕ್ಕ ಅದು. ಮನೆಗೆ ಹೋಗಿ ತಿಂಗಳುಗಟ್ಟಲೆ ಮಾತ್ರೆ ನುಂಗಿದವರ ಲೆಕ್ಕ ಅಲ್ಲ. ಆದರೂ ಆ ಐದು ವಾಕ್ಯಗಳನ್ನು ಮುಂದೆ 600ಕ್ಕೂ ಜಾಸ್ತಿ ಲೇಖನಗಳು ಎತ್ತಿ ಹೇಳಿದವು. ಬಹುಪಾಲು ಲೇಖನಗಳು ಅದನ್ನು "ಚಟ ಹಿಡಿಯುವುದು ಅಪರೂಪ" ಅನ್ನುವುದಕ್ಕೆ ಸಾಕ್ಷಿಯಾಗಿ ಬಳಸಿದವು. 1996ರಲ್ಲಿ ಪರ್ಡ್ಯೂ ಫಾರ್ಮಾ ಎಂಬ ಔಷಧ ಕಂಪನಿ ಆಕ್ಸಿಕಾಂಟಿನ್ ಎಂಬ ಒಪಿಯಾಯ್ಡ್ ನೋವಿನ ಮಾತ್ರೆಯನ್ನು ಮಾರುಕಟ್ಟೆಗೆ ತಂದಿತು. ಬೆನ್ನು ನೋವಿಗೂ ಮೊಣಕಾಲು ನೋವಿಗೂ ಒಪಿಯಾಯ್ಡ್ ಬರೆಯುವ ಕಾಲ ಬಂತು. 2012ರ ಹೊತ್ತಿಗೆ ಅಮೆರಿಕದಲ್ಲಿ ಪ್ರತಿ 100 ಜನಕ್ಕೆ ವೈದ್ಯರು ಬರೆದ 81 ಒಪಿಯಾಯ್ಡ್ ಚೀಟಿಗಳು. ಚಟ ಹೇಗೆ ಅಂಟುತ್ತದೆ ಅಂತ ಸರಿಯಾದ ಜಾಗದಲ್ಲಿ, ಸರಿಯಾದ ಜನರಲ್ಲಿ ಅಳೆಯದೇ ಇದ್ದದ್ದಕ್ಕೆ ತೆತ್ತ ಬೆಲೆ ಇದು.

ಆಮೇಲೆ ಅದನ್ನು ಸರಿಮಾಡಲು ಹೊರಟಾಗಲೂ ಅಳತೆ ತಪ್ಪಿತು. ನನ್ನ ಮಟ್ಟಿಗೆ ಇಡೀ ಒಪಿಯಾಯ್ಡ್ ಕಥೆಯಲ್ಲಿ ಕಲಿಯಲು ಜಾಸ್ತಿ ಇರುವುದು ಇಲ್ಲಿಯೇ. ಜನ ಆಕ್ಸಿಕಾಂಟಿನ್ ಮಾತ್ರೆಯನ್ನು ಪುಡಿ ಮಾಡಿ ಮೂಗಿಗೆ ಏರಿಸುತ್ತಿದ್ದರು, ಕರಗಿಸಿ ಸೂಜಿಯಲ್ಲಿ ಚುಚ್ಚಿಕೊಳ್ಳುತ್ತಿದ್ದರು. 2010ರ ಆಗಸ್ಟ್‌ನಲ್ಲಿ ಕಂಪನಿ ಮಾತ್ರೆಯ ರಚನೆ ಬದಲಿಸಿತು. ಹೊಸ ಮಾತ್ರೆ ಜಜ್ಜಿದರೆ ಪುಡಿಯಾಗುವುದಿಲ್ಲ, ನೀರು ಹಾಕಿದರೆ ಲೋಳೆಯಾಗುತ್ತದೆ. ಆಕ್ಸಿಕಾಂಟಿನ್ ದುರ್ಬಳಕೆ ಎಷ್ಟಿದೆ ಅಂತ ಅಳೆದರು. ನಿಜವಾಗಿಯೂ ಇಳಿದಿತ್ತು. ಅಲ್ಲಿಗೇ ನಿಲ್ಲಿಸಿದ್ದರೆ ಇದು ಗೆದ್ದ ಕಾರ್ಯಕ್ರಮ.

ಆದರೆ ಅರ್ಥಶಾಸ್ತ್ರಜ್ಞರು ಇನ್ನೊಂದು ರೀತಿ ನೋಡಿದರು. 2010ಕ್ಕೆ ಮುಂಚೆ ಆಕ್ಸಿಕಾಂಟಿನ್ ದುರ್ಬಳಕೆ ಜಾಸ್ತಿ ಇದ್ದ ರಾಜ್ಯಗಳನ್ನೂ ಕಡಿಮೆ ಇದ್ದ ರಾಜ್ಯಗಳನ್ನೂ ಎದುರುಬದುರು ಇಟ್ಟರು. ಮಾತ್ರೆ ಬದಲಾದ ಮೇಲೆ ಹೆರಾಯಿನ್ ಸಾವು ಎಲ್ಲಿ ಜಾಸ್ತಿ ಏರಿತು? ಆಕ್ಸಿಕಾಂಟಿನ್ ಜಾಸ್ತಿ ಇದ್ದ ಕಡೆಯೇ. ಮಾತ್ರೆ ಸಿಗದವರು ಬೀದಿಯ ಹೆರಾಯಿನ್‌ಗೆ ಹೋಗಿದ್ದರು. ಚಟ ಅಲ್ಲಿಯೇ ಇತ್ತು, ಚಿಕಿತ್ಸೆ ಮಾತ್ರ ಅಲ್ಲಿ ಇರಲಿಲ್ಲ. 2013ರಿಂದ ಆ ಹೆರಾಯಿನ್‌ನೊಳಗೆ ಫೆಂಟನಿಲ್ ಎಂಬ ಕೃತಕ ಒಪಿಯಾಯ್ಡ್ ಸೇರಿತು. ಅದು ಹೆರಾಯಿನ್‌ಗಿಂತ ಸುಮಾರು 50 ಪಟ್ಟು ಬಲ. ಅಲ್ಲಿಂದ ಸಾವಿನ ಗೆರೆ ಗೋಡೆ ಹತ್ತಿದ ಹಾಗೆ ಹತ್ತಿತು.

ಹಾಗಾಗಿ ಯಾರಾದರೂ "ನಮ್ಮ ಕೌಂಟಿಯಲ್ಲಿ ಒಪಿಯಾಯ್ಡ್ ಚೀಟಿಗಳು ಅರ್ಧಕ್ಕೆ ಇಳಿದವು" ಅಂದರೆ ನಾನು ಮೊದಲು ಕೇಳುವುದು ಇದನ್ನೇ: ಆ ಮಾತ್ರೆ ತಿನ್ನುತ್ತಿದ್ದವರು ಈಗ ಎಲ್ಲಿದ್ದಾರೆ? ದೇಶಾದ್ಯಂತ 2020ರ ಹೊತ್ತಿಗೆ ಚೀಟಿಗಳು 100 ಜನಕ್ಕೆ 43ಕ್ಕೆ ಇಳಿದಿದ್ದವು. ಅದೇ ಹೊತ್ತಿನಲ್ಲಿ ಒಪಿಯಾಯ್ಡ್ ಸಾವು ಏರುತ್ತಾ ಹೋಯಿತು. ಚೀಟಿ ಇಳಿದರೆ ಮುಂದೆ ಹೊಸಬರಿಗೆ ಚಟ ಅಂಟುವುದು ತಪ್ಪುತ್ತದೆ, ಅದು ಒಳ್ಳೆಯದೇ. ಆದರೆ ಈಗಾಗಲೇ ಸಿಕ್ಕಿಕೊಂಡವರನ್ನು ಅದು ಉಳಿಸುವುದಿಲ್ಲ.

ಇನ್ನು ಸಾವಿನ ಎಣಿಕೆ. ಇದು ಸುಲಭ ಅಂತ ಜನ ಅಂದುಕೊಳ್ಳುತ್ತಾರೆ. ಒಂದು ಮರಣ ಪತ್ರ ಹೇಗೆ ತಯಾರಾಗುತ್ತದೆ ನೋಡಿ. ನಿಮ್ಮ ಓಹಾಯೋದಲ್ಲಿ ಬಹುತೇಕ ಕೌಂಟಿಗಳಲ್ಲಿ ಚುನಾಯಿತ ಕರೋನರ್ ಇರುತ್ತಾರೆ, ಅಂದರೆ ಅಸಹಜ ಸಾವಿನ ಕಾರಣ ನಿರ್ಧರಿಸುವ ಅಧಿಕಾರಿ. ಅಲ್ಲಿ ಅವರು ವೈದ್ಯರೇ ಆಗಿರಬೇಕು. ಬೇರೆ ಹಲವು ರಾಜ್ಯಗಳಲ್ಲಿ ಆ ನಿಯಮವೂ ಇಲ್ಲ. ಅವರು ಶವದ ರಕ್ತ ಪರೀಕ್ಷೆಗೆ ಕಳಿಸುತ್ತಾರೆ. ಫಲಿತಾಂಶ ಬರಲು ವಾರಗಳು, ಕೆಲವು ಸಲ ತಿಂಗಳುಗಳು. ಆಮೇಲೆ ಯಾವ ಯಾವ ವಸ್ತು ಇತ್ತು ಅಂತ ಪತ್ರದಲ್ಲಿ ಬರೆಯಬೇಕು. 2014ರ ಸುಮಾರಿಗೆ ದೇಶದ ಓವರ್‌ಡೋಸ್ ಮರಣ ಪತ್ರಗಳಲ್ಲಿ ಸುಮಾರು ಐದರಲ್ಲಿ ಒಂದರಲ್ಲಿ ವಸ್ತುವಿನ ಹೆಸರೇ ಇರುತ್ತಿರಲಿಲ್ಲ. ಹೊಸ ಕರೋನರ್ ಬಂದು ಹೆಸರು ಸರಿಯಾಗಿ ಬರೆಯಲು ಶುರುಮಾಡಿದರೆ ಕಾಗದದ ಮೇಲೆ ಒಪಿಯಾಯ್ಡ್ ಸಾವು "ಏರುತ್ತದೆ". ಊರಿನಲ್ಲಿ ಏನೂ ಬದಲಾಗಿರುವುದಿಲ್ಲ. ಹಾಗೆಯೇ ಕಳೆದ ಮೂರು ತಿಂಗಳ ಅಂಕಿ ತೋರಿಸಿ "ನೋಡಿ, ಇಳಿದಿದೆ" ಅಂದರೆ, ಪರೀಕ್ಷೆ ಮುಗಿಯದ ಪತ್ರಗಳು ಎಷ್ಟು ಉಳಿದಿವೆ ಅಂತ ಕೇಳಿ.

ಹಾಗಾದರೆ ಯಾವುದು ನಿಜವಾಗಿ ಕೆಲಸ ಮಾಡುತ್ತದೆ? ಇದಕ್ಕೆ ನನ್ನ ಉತ್ತರ ಗಟ್ಟಿಯಾಗಿದೆ: ಮೆಥಡೋನ್ ಮತ್ತು ಬ್ಯುಪ್ರೆನಾರ್ಫಿನ್. ಎರಡೂ ಒಪಿಯಾಯ್ಡ್ ಜಾತಿಯವೇ. ಆದರೆ ನಿಧಾನವಾಗಿ, ಸಮವಾಗಿ ಕೆಲಸ ಮಾಡುತ್ತವೆ. ನಡುಕ, ಬೆವರು, ಆ ಹಪಹಪಿ ತಡೆಯುತ್ತವೆ. ಮನುಷ್ಯ ಬೆಳಗ್ಗೆ ಎದ್ದು ಕೆಲಸಕ್ಕೆ ಹೋಗಬಲ್ಲ. ವಿನ್ಸೆಂಟ್ ಡೋಲ್ ಮತ್ತು ಮೇರಿ ನಿಸ್ವಾಂಡರ್ ಎಂಬ ವೈದ್ಯರು ನ್ಯೂಯಾರ್ಕ್‌ನಲ್ಲಿ ಮೆಥಡೋನ್ ಚಿಕಿತ್ಸೆಯ ಫಲಿತಾಂಶ ಪ್ರಕಟಿಸಿದ್ದು 1965ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಹಲವು ದೇಶಗಳ ಅಧ್ಯಯನಗಳು ಒಂದೇ ಮಾತು ಹೇಳುತ್ತವೆ: ಚಿಕಿತ್ಸೆಯಲ್ಲಿ ಇರುವಷ್ಟು ಕಾಲ ಸಾಯುವ ಸಾಧ್ಯತೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. "ಇರುವಷ್ಟು ಕಾಲ" ಅನ್ನುವ ಮಾತಿಗೆ ಅಡಿಗೆರೆ ಹಾಕಿಕೊಳ್ಳಿ.

ಫ್ರಾನ್ಸ್ ನೋಡಿ. 1995ರಲ್ಲಿ ಅಲ್ಲಿ ಮಾಮೂಲಿ ಕುಟುಂಬ ವೈದ್ಯರೂ ಬ್ಯುಪ್ರೆನಾರ್ಫಿನ್ ಬರೆಯಬಹುದು ಅಂತ ಮಾಡಿದರು. ಹೆಚ್ಚಿನ ತರಬೇತಿಯ ಷರತ್ತಿಲ್ಲ. ಮೂಲೆಯ ಔಷಧ ಅಂಗಡಿಯಲ್ಲಿ ಸಿಗುತ್ತದೆ. 1999ರ ಹೊತ್ತಿಗೆ ಓವರ್‌ಡೋಸ್ ಸಾವು ಶೇ 79ರಷ್ಟು ಇಳಿದಿತ್ತು. ಅದೇ ಕಾಲದಲ್ಲಿ ಶುದ್ಧ ಸೂಜಿಗಳ ವಿತರಣೆಯಂಥ ಬೇರೆ ಕೆಲಸಗಳೂ ನಡೆದಿದ್ದವು, ಹಾಗಾಗಿ ಪೂರ್ತಿ ಶ್ರೇಯ ಒಂದಕ್ಕೇ ಕೊಡಲಾರೆ. ಆದರೂ ಅಷ್ಟು ದೊಡ್ಡ ಇಳಿತ ಸುಮ್ನೆ ಆಗುವುದಿಲ್ಲ.

ಅಮೆರಿಕದಲ್ಲಿ ಇದೇ ಔಷಧ ಬರೆಯಲು ವೈದ್ಯರಿಗೆ ಎರಡು ದಶಕ ವಿಶೇಷ ಪರವಾನಗಿ ಬೇಕಿತ್ತು. ಅದನ್ನು ತೆಗೆದದ್ದು 2023ರ ಆರಂಭದಲ್ಲಿ. ತೆಗೆದ ಕೂಡಲೇ ರೋಗಿಗಳ ಸಂಖ್ಯೆ ಜಿಗಿಯುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದರು. ನಾನೂ ಅಂದುಕೊಂಡಿದ್ದೆ. ಅಳೆದು ನೋಡಿದರೆ, ಔಷಧ ಬರೆಯುವ ವೈದ್ಯರು ಜಾಸ್ತಿಯಾದರು, ಔಷಧ ಪಡೆಯುವ ರೋಗಿಗಳು ಅಷ್ಟೇ ಉಳಿದರು. ಹೆದರಿಕೆ, ಅವಮಾನ, ಔಷಧ ಅಂಗಡಿಯಲ್ಲಿ "ಸ್ಟಾಕ್ ಇಲ್ಲ" ಅನ್ನುವ ಉತ್ತರ, ವಿಮೆಯ ತಕರಾರು, ಇವು ಕಾನೂನು ಬದಲಾದ ದಿನವೇ ಹೋಗುವುದಿಲ್ಲ. 2022ರಲ್ಲಿ ಒಪಿಯಾಯ್ಡ್ ಚಟಕ್ಕೆ ಚಿಕಿತ್ಸೆ ಬೇಕಿದ್ದ ವಯಸ್ಕರಲ್ಲಿ ಈ ಔಷಧ ಸಿಕ್ಕಿದ್ದು ಸುಮಾರು ನಾಲ್ವರಲ್ಲಿ ಒಬ್ಬರಿಗೆ.

ಈಗ ನಿಮ್ಮ ಲೈಬ್ರರಿಯ ಪೆಟ್ಟಿಗೆಗೆ ಬರೋಣ. ಒಪಿಯಾಯ್ಡ್ ಜಾಸ್ತಿಯಾದಾಗ ಮೆದುಳು ಉಸಿರಾಡು ಅಂತ ಹೇಳುವುದನ್ನು ಮರೆಯುತ್ತದೆ. ತುಟಿ ನೀಲಿಗಟ್ಟುತ್ತದೆ, ಗಂಟಲಲ್ಲಿ ಗೊರಗೊರ ಸದ್ದು. ನಲಾಕ್ಸೋನ್ ಆ ಒಪಿಯಾಯ್ಡನ್ನು ಮೆದುಳಿನ ಜಾಗದಿಂದ ತಳ್ಳುತ್ತದೆ. ಇದು 1971ರಿಂದ ಇರುವ ಔಷಧ. ಮೂಗಿಗೆ ಬಿಡುವ ಸ್ಪ್ರೇಗೆ ಅಲ್ಲಿ ಒಪ್ಪಿಗೆ ಸಿಕ್ಕಿದ್ದು 2015ರಲ್ಲಿ, ಚೀಟಿಯಿಲ್ಲದೆ ಅಂಗಡಿಯಲ್ಲಿ ಸಿಗಲು ಶುರುವಾಗಿದ್ದು 2023ರಲ್ಲಿ. ಆ ಸ್ಪ್ರೇ ಹೆಬ್ಬೆರಳಷ್ಟಿದೆ. ಕವರ್ ಸುಲಿಯಬೇಕು, ತಲೆ ಸ್ವಲ್ಪ ಹಿಂದಕ್ಕೆ ಬಾಗಿಸಬೇಕು, ತುದಿಯನ್ನು ಮೂಗಿನ ಹೊಳ್ಳೆಗೆ ಪೂರ್ತಿ ತೂರಿಸಿ ಅಡಿಯ ಗುಂಡಿ ಒತ್ತಬೇಕು. ತುರ್ತು ಸಹಾಯಕ್ಕೆ ಫೋನ್ ಮಾಡಬೇಕು. ಎರಡು ಮೂರು ನಿಮಿಷದಲ್ಲಿ ಉಸಿರು ಬರದಿದ್ದರೆ ಎರಡನೆಯದು. ನಾನು ಒಮ್ಮೆ ತರಬೇತಿ ಕೊಡುವಾಗ ಒಬ್ಬರು "ಸರಿಯಾಗಿ ಬರುತ್ತಾ ನೋಡೋಣ" ಅಂತ ಗಾಳಿಗೆ ಒಂದು ಸಲ ಒತ್ತಿಬಿಟ್ಟರು. ಅದರಲ್ಲಿ ಇರುವುದು ಒಂದೇ ಡೋಸ್. ಅವರ ಮುಖ ನನಗೆ ಈಗಲೂ ನೆನಪಿದೆ. ಅವತ್ತಿನಿಂದ ತರಬೇತಿಯಲ್ಲಿ ನಾನು ಹೇಳುವ ಮೊದಲ ಮಾತೇ ಅದು.

ನಲಾಕ್ಸೋನ್ ಹಂಚಿದರೆ ಊರಿನ ಸಾವು ಇಳಿಯುತ್ತದಾ? ಮ್ಯಾಸಚೂಸೆಟ್ಸ್‌ನ 19 ಊರುಗಳಲ್ಲಿ 2002ರಿಂದ 2009ರವರೆಗೆ ನೋಡಿದರು. ಡ್ರಗ್ಸ್ ಬಳಸುವವರಿಗೂ ಅವರ ಮನೆಯವರಿಗೂ ಗೆಳೆಯರಿಗೂ ತರಬೇತಿ ಕೊಟ್ಟು ನಲಾಕ್ಸೋನ್ ಕೈಗೆ ಕೊಟ್ಟರು. ಲಕ್ಷಕ್ಕೆ 100ರವರೆಗೆ ಜನ ತರಬೇತಿ ಪಡೆದ ಊರುಗಳಲ್ಲಿ, ಕಾರ್ಯಕ್ರಮ ಇಲ್ಲದ ಹೊತ್ತಿಗೆ ಹೋಲಿಸಿದರೆ, ಸಾವಿನ ದರ ಶೇ 27 ಕಡಿಮೆ. 100ಕ್ಕಿಂತ ಜಾಸ್ತಿ ಜನ ಪಡೆದ ಕಡೆ ಶೇ 46 ಕಡಿಮೆ. ಜಾಸ್ತಿ ಹಂಚಿದ ಕಡೆ ಜಾಸ್ತಿ ಇಳಿದಿದೆ. ಗೊಬ್ಬರ ಜಾಸ್ತಿ ಹಾಕಿದ ಮಡಿಯಲ್ಲಿ ಫಸಲು ಜಾಸ್ತಿ ಬಂದ ಹಾಗೆ. ಇಂಥ ಏರುಕ್ರಮ ಕಂಡಾಗ ನನ್ನ ನಂಬಿಕೆ ಹೆಚ್ಚುತ್ತದೆ.

ಆದರೆ ಗಮನಿಸಿ, ಅವರು ಎಣಿಸಿದ್ದು ಕೈಗೆ ತಲುಪಿದ್ದನ್ನು. ಗೋಡೆಗೆ ಎಷ್ಟು ಪೆಟ್ಟಿಗೆ ಹೊಡೆದರು ಅನ್ನುವುದನ್ನಲ್ಲ. ಓವರ್‌ಡೋಸ್ ಸಾವುಗಳಲ್ಲಿ ಬಹಳಷ್ಟು ಮನೆಯೊಳಗೇ ಆಗುತ್ತವೆ. ನಿಮ್ಮ ಲೈಬ್ರರಿಯ ಪೆಟ್ಟಿಗೆಯನ್ನು ತಿಂಗಳಿಗೊಮ್ಮೆ ತೆರೆದು ನೋಡಿ. ಅದು ಸದಾ ತುಂಬಿಯೇ ಇದ್ದರೆ ಸಂತೋಷ ಪಡಬೇಡಿ. ಬೇಕಾದವರು ಆ ಬಾಗಿಲಿಗೆ ಬರುತ್ತಿಲ್ಲ ಅಂತ ಅರ್ಥ ಇರಬಹುದು. ಬೇಗ ಬೇಗ ಖಾಲಿಯಾಗುವ ಪೆಟ್ಟಿಗೆ ಸರಿಯಾದ ಜಾಗದಲ್ಲಿದೆ. ಅದನ್ನು ತುಂಬುವವರು ಯಾರು, ಎಷ್ಟು ದಿನಕ್ಕೊಮ್ಮೆ ಬರುತ್ತಾರೆ, ಅದಕ್ಕೆ ಮುಂದಿನ ವರ್ಷ ಹಣ ಇದೆಯಾ, ಇವನ್ನು ಸಭೆಯಲ್ಲಿ ಕೇಳಿ.

ನಲಾಕ್ಸೋನ್ ಉಳಿಸುವುದು ಆ ಗಳಿಗೆಯನ್ನು. ಆಮೇಲಿನದ್ದು ಬೇರೆ ಕೆಲಸ. ಅದೇ ಮ್ಯಾಸಚೂಸೆಟ್ಸ್‌ನಲ್ಲಿ, ಓವರ್‌ಡೋಸ್ ಆಗಿ ತುರ್ತು ವಿಭಾಗಕ್ಕೆ ಬಂದು ಬದುಕಿ ಹೋದವರಲ್ಲಿ ಸುಮಾರು 20ರಲ್ಲಿ ಒಬ್ಬರು ಒಂದು ವರ್ಷದೊಳಗೆ ತೀರಿಹೋಗಿದ್ದರು. ಹಾಗಾದರೆ ಅವರು ಬಂದ ದಿನವೇ ಔಷಧ ಶುರುಮಾಡಿದರೆ? ಯೇಲ್ ವಿಶ್ವವಿದ್ಯಾಲಯದವರು 329 ಜನರಲ್ಲಿ, ಚೀಟಿ ಎತ್ತಿದ ಹಾಗೆ ಗುಂಪು ಮಾಡಿ, ಇದನ್ನು ಪರೀಕ್ಷಿಸಿದರು. ಫಲಿತಾಂಶ ಬಂದದ್ದು 2015ರಲ್ಲಿ. "ಈ ವಿಳಾಸಕ್ಕೆ ಹೋಗಿ" ಅಂತ ಬರೆದುಕೊಟ್ಟವರಲ್ಲಿ 30 ದಿನದ ನಂತರ ಚಿಕಿತ್ಸೆಯಲ್ಲಿ ಇದ್ದವರು ಶೇ 37. ತುರ್ತು ವಿಭಾಗದಲ್ಲೇ ಬ್ಯುಪ್ರೆನಾರ್ಫಿನ್ ಶುರುಮಾಡಿದವರಲ್ಲಿ ಶೇ 78. ನಿಮ್ಮ ಕೌಂಟಿಯ ಆಸ್ಪತ್ರೆಗಳಲ್ಲಿ ಇದು ನಡೆಯುತ್ತಿದೆಯಾ? ರಾತ್ರಿ ಎರಡು ಗಂಟೆಗೂ ನಡೆಯುತ್ತದಾ?

ಜೈಲೂ ಹಾಗೆಯೇ. ಒಳಗೆ ಇದ್ದಷ್ಟು ದಿನ ದೇಹ ಡ್ರಗ್ಸ್‌ನ ರೂಢಿ ಕಳೆದುಕೊಂಡಿರುತ್ತದೆ. ಹೊರಗೆ ಬಂದವರು ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ ಉಸಿರು ನಿಲ್ಲುತ್ತದೆ. ವಾಷಿಂಗ್ಟನ್ ರಾಜ್ಯದಲ್ಲಿ ನಡೆದ, 2007ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಬಿಡುಗಡೆಯಾದ ಮೊದಲ ಎರಡು ವಾರ ಓವರ್‌ಡೋಸ್‌ನಿಂದ ಸಾಯುವ ಅಪಾಯ ಬೇರೆಯವರಿಗಿಂತ 129 ಪಟ್ಟು. ರೋಡ್ ಐಲೆಂಡ್ ರಾಜ್ಯ 2016ರಲ್ಲಿ ಜೈಲಿನೊಳಗೇ ಈ ಔಷಧಗಳನ್ನು ಕೊಡಲು ಶುರುಮಾಡಿತು. 2016ರ ಮೊದಲ ಆರು ತಿಂಗಳಿಗೆ 2017ರ ಮೊದಲ ಆರು ತಿಂಗಳನ್ನು ಹೋಲಿಸಿದರೆ, ಇತ್ತೀಚೆಗೆ ಜೈಲಿನಿಂದ ಬಂದವರ ಸಾವು 26ರಿಂದ 9ಕ್ಕೆ ಇಳಿಯಿತು. ಸಂಖ್ಯೆ ಸಣ್ಣದು, ಎರಡು ಅರ್ಧವರ್ಷಗಳ ಹೋಲಿಕೆ ಮಾತ್ರ, ಅದು ನಿಜ. ಆದರೂ ಕಾರಣ ಸ್ಪಷ್ಟ ಇದೆ, ಬೇರೆ ಸಾಕ್ಷ್ಯಗಳೂ ಅದೇ ದಿಕ್ಕಿಗೆ ಬೆರಳು ತೋರಿಸುತ್ತವೆ. ನನ್ನ ಕೈಯಲ್ಲಿ ಹಣ ಇದ್ದರೆ ಮೊದಲ ಕಂತು ಕೌಂಟಿ ಜೈಲಿಗೇ ಹೋಗುತ್ತದೆ.

ಈಗ ನಿಮ್ಮ ರಾಜ್ಯಕ್ಕೇ ಸೇರಿದ ಒಂದು ದೊಡ್ಡ ಪ್ರಯೋಗ. 2019ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಓಹಾಯೋ, ಕೆಂಟಕಿ, ಮ್ಯಾಸಚೂಸೆಟ್ಸ್, ನ್ಯೂಯಾರ್ಕ್ ಈ ನಾಲ್ಕು ರಾಜ್ಯಗಳ 67 ಊರು, ಕೌಂಟಿಗಳನ್ನು ಆರಿಸಿತು. ಕೊಲಂಬಸ್‌ನ ಓಹಾಯೋ ಸ್ಟೇಟ್ ಯೂನಿವರ್ಸಿಟಿ ಅದರಲ್ಲಿ ಪಾಲುದಾರ. ಇದಕ್ಕೆ 30 ಕೋಟಿ ಡಾಲರ್‌ಗಿಂತ ಜಾಸ್ತಿ ಹಣ. ಚೀಟಿ ಎತ್ತಿದ ಹಾಗೆ ಅರ್ಧ ಕಡೆ ಮೊದಲು ಶುರು, ಉಳಿದರ್ಧ ಕಡೆ ಆಮೇಲೆ. ನಲಾಕ್ಸೋನ್ ಹಂಚುವುದು, ಔಷಧ ಚಿಕಿತ್ಸೆ ಹೆಚ್ಚಿಸುವುದು, ಒಪಿಯಾಯ್ಡ್ ಬರೆಯುವುದನ್ನು ಸುರಕ್ಷಿತ ಮಾಡುವುದು, ಎಲ್ಲ ಒಟ್ಟಿಗೆ. ಸಾವನ್ನು ಶೇ 40 ಇಳಿಸಬೇಕು ಅನ್ನುವುದು ಗುರಿ. 2024ರ ಜೂನ್‌ನಲ್ಲಿ ಫಲಿತಾಂಶ ಬಂತು. ಕಾರ್ಯಕ್ರಮ ಇದ್ದ ಕಡೆ ಲಕ್ಷ ವಯಸ್ಕರಿಗೆ 47.2 ಸಾವು, ಇಲ್ಲದ ಕಡೆ 51.7. ಈ ಅಂತರ ಆಕಸ್ಮಿಕವಾಗಿಯೂ ಬರಬಹುದಾದಷ್ಟು ಸಣ್ಣದು.

ಪತ್ರಿಕೆಗಳು "ವಿಫಲ" ಅಂತ ಬರೆದವು. ನನಗೆ ಅಷ್ಟು ಬೇಗ ಹಾಗೆ ಹೇಳಲು ಮನಸ್ಸಿಲ್ಲ. ಒಳಗೆ ಹೋಗಿ ನೋಡಿದರೆ ಈ ಊರುಗಳು ಒಟ್ಟು 615 ಕೆಲಸಗಳನ್ನು ಆರಿಸಿಕೊಂಡಿದ್ದವು. ಸಾವು ಎಣಿಸುವ ವರ್ಷ ಶುರುವಾದದ್ದು 2021ರ ಜುಲೈನಲ್ಲಿ. ಆ ಹೊತ್ತಿಗೆ ಶುರುವಾಗಿದ್ದ ಕೆಲಸಗಳು 235. ಶೇ 38 ಮಾತ್ರ. ಕೋವಿಡ್ ಬಂದಿತ್ತು, ಕ್ಲಿನಿಕ್‌ಗಳು ಮುಚ್ಚಿದ್ದವು, ಜನ ಸಿಗುತ್ತಿರಲಿಲ್ಲ. ಬೀದಿಯಲ್ಲಿ ಫೆಂಟನಿಲ್ ತುಂಬಿತ್ತು. ಬೀಜ ಬಿತ್ತಿ ಮುಗಿಯುವ ಮೊದಲೇ ಕಣದಲ್ಲಿ ರಾಶಿ ಅಳೆದ ಹಾಗಾಯಿತು. ಈ ಪ್ರಯೋಗದಿಂದ ನಾನು ತೆಗೆದುಕೊಂಡದ್ದು ಇಷ್ಟು: ಔಷಧ ಕೆಲಸ ಮಾಡುತ್ತದೆ ಅಂತ ಗೊತ್ತಿದ್ದರೂ ಅದನ್ನು ಜನರ ಕೈಗೆ ತಲುಪಿಸುವುದು ನಾವು ಅಂದುಕೊಂಡಿದ್ದಕ್ಕಿಂತ ಬಹಳ ನಿಧಾನದ, ಕಷ್ಟದ ಕೆಲಸ. ಆದ್ದರಿಂದ ಯಾವ ಕಾರ್ಯಕ್ರಮವನ್ನಾದರೂ ಅಳೆಯುವ ಮೊದಲು ಅದು ನಿಜವಾಗಿ ನಡೆಯಿತಾ ಅಂತ ನೋಡಬೇಕು.

ಹೋಲಿಕೆ ಮಾಡಿದರೂ ಮೋಸ ಹೋಗಬಹುದು, ಅದನ್ನೂ ಹೇಳಿಬಿಡುತ್ತೇನೆ. 2014ರಲ್ಲಿ ಒಂದು ಅಧ್ಯಯನ, ವೈದ್ಯಕೀಯ ಗಾಂಜಾಕ್ಕೆ ಅನುಮತಿ ಕೊಟ್ಟ ರಾಜ್ಯಗಳಲ್ಲಿ ಒಪಿಯಾಯ್ಡ್ ಸಾವು ಸುಮಾರು ಶೇ 25 ಕಡಿಮೆ ಅಂದಿತು. ಅದರ ಅಂಕಿಗಳು 2010ರವರೆಗಿನವು. ಎಷ್ಟೋ ಶಾಸಕರು ಅದನ್ನು ಹಿಡಿದು ಮಾತಾಡಿದರು. 2019ರಲ್ಲಿ ಬೇರೆಯವರು ಅದೇ ವಿಧಾನದಲ್ಲಿ, 2017ರವರೆಗಿನ ಅಂಕಿ ಸೇರಿಸಿ ನೋಡಿದರು. ಈಗ ಶೇ 23ರಷ್ಟು ಜಾಸ್ತಿ! ಗಾಂಜಾ ಆಗಲೂ ಉಳಿಸಿರಲಿಲ್ಲ, ಈಗಲೂ ಕೊಂದಿರಲಿಲ್ಲ. ರಾಜ್ಯ ರಾಜ್ಯಗಳ ನಡುವೆ ಬೇರೆ ನೂರು ವ್ಯತ್ಯಾಸಗಳಿವೆ. ಆರೆಗಾನ್ ರಾಜ್ಯದಲ್ಲೂ ಇದೇ ಆಯಿತು. 2021ರ ಫೆಬ್ರವರಿಯಿಂದ ಅಲ್ಲಿ ಸ್ವಲ್ಪ ಡ್ರಗ್ಸ್ ಇಟ್ಟುಕೊಳ್ಳುವುದು ಕ್ರಿಮಿನಲ್ ಅಪರಾಧ ಅಲ್ಲ ಅಂತ ಮಾಡಿದರು. ಸಾವು ಏರಿತು. ಕಾನೂನಿನಿಂದಲೇ ಅಂತ ಒಂದು ಅಧ್ಯಯನ ಹೇಳಿತು. ಆದರೆ ಫೆಂಟನಿಲ್ ಪಶ್ಚಿಮದ ರಾಜ್ಯಗಳಿಗೆ ತಡವಾಗಿ, ಸರಿಯಾಗಿ ಅದೇ ಹೊತ್ತಿಗೆ ಬಂದಿತ್ತು. ಫೆಂಟನಿಲ್ ಹಾಗೆ ಬಂದದ್ದನ್ನು ಲೆಕ್ಕಕ್ಕೆ ಹಿಡಿದ ಮತ್ತೊಂದು ಅಧ್ಯಯನಕ್ಕೆ ಕಾನೂನಿಗೂ ಸಾವಿಗೂ ನಂಟು ಕಾಣಲಿಲ್ಲ. ಅಷ್ಟರಲ್ಲಿ ರಾಜ್ಯ ಆ ಕಾನೂನನ್ನೇ ಹಿಂದೆಗೆದುಕೊಂಡಿತು, 2024ರ ಸೆಪ್ಟೆಂಬರ್‌ನಿಂದ ಅದು ಮತ್ತೆ ಅಪರಾಧ.

ಇದಕ್ಕೇ ಹತ್ತಿರದ ಹೋಲಿಕೆ ಒಳ್ಳೆಯದು. ಕೆನಡಾದ ವ್ಯಾಂಕೂವರ್‌ನಲ್ಲಿ 2003ರಲ್ಲಿ, ನರ್ಸ್‌ಗಳ ಕಣ್ಣೆದುರು ಡ್ರಗ್ಸ್ ಚುಚ್ಚಿಕೊಳ್ಳಬಹುದಾದ ಇನ್‌ಸೈಟ್ ಎಂಬ ಕೇಂದ್ರ ತೆರೆದರು. ಅದರ ಸುತ್ತ 500 ಮೀಟರ್ ಒಳಗೆ ಓವರ್‌ಡೋಸ್ ಸಾವು ಶೇ 35 ಇಳಿಯಿತು. ಅದೇ ನಗರದ ಉಳಿದ ಭಾಗದಲ್ಲಿ ಶೇ 9. ಅದೇ ಊರು, ಅದೇ ಪೊಲೀಸರು, ಅದೇ ಹೆರಾಯಿನ್. ಇಂಥದ್ದನ್ನು ನಂಬಲು ನನಗೆ ಕಷ್ಟವಿಲ್ಲ.

ಹಾಗಾದರೆ 2024ರ ದೊಡ್ಡ ಇಳಿತ ಯಾವುದರಿಂದ? ನಲಾಕ್ಸೋನ್ ಹರಡಿದ್ದು, ಚಿಕಿತ್ಸೆ ಸ್ವಲ್ಪ ಸುಲಭವಾದದ್ದು, ಬೀದಿಯ ಫೆಂಟನಿಲ್ ಬಲ ಬದಲಾದದ್ದು, ಚುಚ್ಚಿಕೊಳ್ಳುವ ಬದಲು ಸೇದುವುದು ಹೆಚ್ಚಿದ್ದು, ಮತ್ತು ಹೇಳಲು ಸಂಕಟವಾಗುವ ಒಂದು ಕಾರಣ: ಅಪಾಯದ ಅಂಚಿನಲ್ಲಿದ್ದ ಎಷ್ಟೋ ಜನ ಆಗಲೇ ಸತ್ತುಹೋಗಿದ್ದರು. ಇದರಲ್ಲಿ ಯಾವುದರ ಪಾಲು ಎಷ್ಟು ಅಂತ ಬಿಡಿಸಿ ಹೇಳುವವರು ಇನ್ನೂ ಇಲ್ಲ. ನಿಮ್ಮ ಸಭೆಯಲ್ಲಿ ಯಾರಾದರೂ ಬಿಡಿಸಿ ಹೇಳಿದರೆ ಅನುಮಾನ ಪಡಿ. ಇಳಿತ ಎಲ್ಲರಿಗೂ ಸಮ ಬಂದಿಲ್ಲ ಅನ್ನುವುದೂ ಗಮನದಲ್ಲಿರಲಿ. 2023ರಲ್ಲಿ ಬಿಳಿಯರಲ್ಲಿ ಸಾವಿನ ದರ ಇಳಿದಾಗ ಕಪ್ಪು ಜನರಲ್ಲಿ ಇಳಿಯಲಿಲ್ಲ. ಕೌಂಟಿಯ ಸರಾಸರಿ ಒಂದೇ ತೋರಿಸಿದರೆ ಇದು ಮುಚ್ಚಿಹೋಗುತ್ತದೆ. ಬಡಾವಣೆವಾರು, ಜನವಾರು ಅಂಕಿ ಕೇಳಿ.

ಇನ್ನೊಂದು ಮೋಸ ಸಭೆಗಳಲ್ಲಿ ಪದೇ ಪದೇ ಕಾಣುತ್ತದೆ. "ನಮ್ಮಲ್ಲಿ ಕೋರ್ಸ್ ಮುಗಿಸಿದವರಲ್ಲಿ ಶೇ 80 ಜನ ಚಟ ಬಿಟ್ಟಿದ್ದಾರೆ" ಅನ್ನುತ್ತಾರೆ. ಸೇರಿದವರು 100, ಮುಗಿಸಿದವರು 20, ಅದರಲ್ಲಿ ಬಿಟ್ಟವರು 16 ಅಂತಿಟ್ಟುಕೊಳ್ಳಿ. ಉಳಿದ 80 ಜನ ಎಲ್ಲಿ? ಬರೀ ಡೀಟಾಕ್ಸ್ ಮಾಡಿ, ಅಂದರೆ ದೇಹದಿಂದ ಡ್ರಗ್ಸ್ ಇಳಿಸಿ, ಔಷಧ ಕೊಡದೆ ಮನೆಗೆ ಕಳಿಸಿದರೆ ಜೈಲಿನಿಂದ ಬಂದವರಿಗೆ ಇರುವ ಅಪಾಯವೇ ಇವರಿಗೂ ಇದೆ. ಆದ್ದರಿಂದ ಒಂದೇ ಪ್ರಶ್ನೆ ಕೇಳಲು ಸಮಯ ಸಿಕ್ಕಿದರೆ ಇದನ್ನು ಕೇಳಿ: "ಮೊದಲ ದಿನ ಬಾಗಿಲು ದಾಟಿ ಬಂದವರಲ್ಲಿ, ಮಧ್ಯೆ ಬಿಟ್ಟುಹೋದವರನ್ನೂ ಸೇರಿಸಿ, ಒಂದು ವರ್ಷದ ನಂತರ ಎಷ್ಟು ಜನ ಬದುಕಿದ್ದಾರೆ?" ಉತ್ತರ ಗೊತ್ತಿಲ್ಲದ ಕಾರ್ಯಕ್ರಮಕ್ಕೆ, ಅದನ್ನು ತಿಳಿದುಕೊಳ್ಳಲು ಆಗುವ ಖರ್ಚನ್ನೂ ಸೇರಿಸಿ ಹಣ ಕೊಡಲಿ. ಓಹಾಯೋದಲ್ಲಿ ಕಂಪನಿಗಳಿಂದ ಬಂದ ಈ ಪರಿಹಾರದ ಹಣದ ಶೇ 55, ಅದನ್ನು ಹಂಚಲೆಂದೇ ಇರುವ ಒನ್‌ಓಹಾಯೋ ರಿಕವರಿ ಫೌಂಡೇಶನ್‌ಗೆ, ಶೇ 30 ಸ್ಥಳೀಯ ಆಡಳಿತಗಳಿಗೆ ಹೋಗುತ್ತದೆ. ಸ್ಥಳೀಯ ಪಾಲಿನ ಬಗ್ಗೆ ನಿಮ್ಮ ಮಾತಿಗೆ ಬೆಲೆ ಇದೆ. 1998ರಲ್ಲಿ ಸಿಗರೇಟ್ ಕಂಪನಿಗಳು ಕೊಡಲು ಒಪ್ಪಿದ ತಂಬಾಕು ಪರಿಹಾರದ ಹಣ ರಸ್ತೆ, ಬಜೆಟ್ ಕೊರತೆ ಅಂತ ಕರಗಿಹೋದದ್ದನ್ನು ಆ ದೇಶ ಒಮ್ಮೆ ನೋಡಿದೆ.

ಕೊನೆಗೆ ಅತ್ತೆಯವರ ಮಾತ್ರೆ. ಅಮೆರಿಕ 2016ರಲ್ಲಿ ಒಪಿಯಾಯ್ಡ್ ಬರೆಯುವುದಕ್ಕೆ ಮಾರ್ಗಸೂಚಿ ತಂದಾಗ, ಕೆಲವು ಕಡೆ ಅದನ್ನು ಕಟ್ಟುನಿಟ್ಟಿನ ನಿಯಮದ ಹಾಗೆ ಹಿಡಿದರು. ವರ್ಷಗಟ್ಟಲೆ ಔಷಧದ ಮೇಲೆ ಇದ್ದ ರೋಗಿಗಳಿಗೆ ಏಕಾಏಕಿ ನಿಲ್ಲಿಸಿದರು. ನೋವು, ಹತಾಶೆ, ಕೆಲವರಿಗೆ ಬೀದಿಯ ಡ್ರಗ್ಸ್. 2019ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಇಲಾಖೆಯೇ ಹೀಗೆ ಮಾಡಬೇಡಿ ಅಂತ ಎಚ್ಚರಿಸಬೇಕಾಯಿತು. ನಮ್ಮ ದೇಶದಲ್ಲಿ ಇದು ಇನ್ನೂ ಮೊದಲೇ ಆಗಿತ್ತು. ಗಸಗಸೆ ಗಿಡದಿಂದ ಅಫೀಮನ್ನು ಕಾನೂನಿನ ಪ್ರಕಾರವೇ ಬೆಳೆಯುವ ದೇಶ ನಮ್ಮದು. ಆದರೆ 1985ರ ಮಾದಕ ವಸ್ತು ಕಾಯ್ದೆ ಬಂದ ಮೇಲೆ ಆಸ್ಪತ್ರೆಗಳಿಗೆ ಪರವಾನಗಿಗಳ ಸರಮಾಲೆ. ಹನ್ನೆರಡು ವರ್ಷದಲ್ಲಿ ದೇಶದಲ್ಲಿ ಚಿಕಿತ್ಸೆಗೆ ಬಳಸುವ ಮಾರ್ಫಿನ್ ಶೇ 90ಕ್ಕಿಂತ ಜಾಸ್ತಿ ಕಡಿಮೆಯಾಯಿತು. ಕ್ಯಾನ್ಸರ್ ರೋಗಿಗಳು ನೋವಿನಲ್ಲಿ ಕಿರುಚುತ್ತಾ ಸತ್ತರು. ಆ ಕಾಯ್ದೆಯನ್ನು ಅಳೆಯುವಾಗ ಈ ನೋವನ್ನು ಯಾರೂ ಎಣಿಸಿರಲಿಲ್ಲ. 2014ರ ತಿದ್ದುಪಡಿ ಬಂದ ಮೇಲೆ ದಾರಿ ಸ್ವಲ್ಪ ಸುಲಭವಾಗಿದೆ. ಈಗ ನಿಮ್ಮ ಅತ್ತೆಯವರಿಗೆ ಮಾರ್ಫಿನ್ ಸಿಕ್ಕಿದೆ ಅಂದರೆ, ಅದು ತುಂಬಾ ಜನರಿಗೆ ಸಿಗದ ಭಾಗ್ಯ.

ಕ್ಯಾನ್ಸರ್ ನೋವಿಗೆ, ವೈದ್ಯರ ನಿಗಾದಲ್ಲಿ, ಬಾಯಿಯಿಂದ ತೆಗೆದುಕೊಳ್ಳುವ ಮಾರ್ಫಿನ್ ಬೇರೆ, ಕೊಲಂಬಸ್‌ನ ಬೀದಿಯ ಫೆಂಟನಿಲ್ ಬೇರೆ. ನೋವು ಬಂದಾಗ ಕೊಡೋಣ ಅಂತ ಕಾಯಬೇಡಿ, ಗಡಿಯಾರ ನೋಡಿ ಕೊಡಿ. ಮೊದಲ ಕೆಲವು ದಿನ ಮಂಪರು ಇರಬಹುದು, ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಎಬ್ಬಿಸಿದರೂ ಏಳದಷ್ಟು ನಿದ್ದೆ ಅಥವಾ ಉಸಿರು ತೀರಾ ನಿಧಾನ ಅನಿಸಿದರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ನೀವಾಗಿಯೇ ಪ್ರಮಾಣ ಏರಿಸುವುದು, ಒಮ್ಮೆಲೇ ನಿಲ್ಲಿಸುವುದು ಎರಡೂ ಬೇಡ. ಮಾತ್ರೆ ಬೀರುವಿನಲ್ಲಿ ಬೀಗ ಹಾಕಿ ಇರಲಿ, ಮನೆಯಲ್ಲಿ ಮಕ್ಕಳಿದ್ದರೆ ಇನ್ನೂ ಜೋಪಾನ. ಮಾರ್ಫಿನ್‌ನಿಂದ ಮಲಬದ್ಧತೆ ಆಗುವುದು ಹೆಚ್ಚುಕಡಿಮೆ ಖಚಿತ, ಅದು ದಿನ ಕಳೆದರೂ ಹೋಗುವುದಿಲ್ಲ. ಅದಕ್ಕೂ ಒಂದು ಔಷಧ ಜೊತೆಯಲ್ಲೇ ಬರೆದಿದ್ದಾರಾ ಅಂತ ಇವತ್ತೇ ದಾವಣಗೆರೆಗೆ ಫೋನ್ ಮಾಡಿ ಕೇಳಿ.